ಒಂದು ಚಾನೆಲ್‌ನ ಸದ್ದು ಇನ್ನೊಂದರಲ್ಲಿ: ಆಡಿಯೊ ಎಡಿಸಿಯ ಕ್ರಾಸ್‌ಟಾಕ್ ಪತ್ತೆ ಮತ್ತು ದುರಸ್ತಿ

ಎಡ ಚಾನೆಲ್‌ಗೆ ಮಾತ್ರ ಸಿಗ್ನಲ್ ಕೊಟ್ಟರೂ ಬಲ ಚಾನೆಲ್‌ನ ಮೀಟರ್ ಅಲ್ಲಾಡುತ್ತದೆ. ಟೈಮ್‌ಕೋಡ್ (ಸಮಯ ಗುರುತಿಸುವ ಸಿಗ್ನಲ್) ಅಥವಾ ಕ್ಲಿಕ್ ಟ್ರ್ಯಾಕ್ (ತಾಳದ ಟಕ್ ಟಕ್) ಪಕ್ಕದ ಹಾಡಿನ ಟ್ರ್ಯಾಕ್‌ನಲ್ಲಿ ಸಣ್ಣಗೆ ಕೇಳಿಸುತ್ತದೆ. ಇಂಥ ದೂರು ಬಂದ ಕೂಡಲೇ ಹೆಚ್ಚಿನವರ ಅನುಮಾನ ಹೋಗುವುದು ಎಡಿಸಿ (ಅನಲಾಗ್ ಸಿಗ್ನಲ್ಲನ್ನು ಡಿಜಿಟಲ್ ಅಂಕಿಗಳಾಗಿ ಬದಲಿಸುವ) ಚಿಪ್ ಮೇಲೆ. ಆದರೆ ಆಡಿಯೊಗೆಂದೇ ಮಾಡಿದ ಒಳ್ಳೆಯ ಸ್ಟೀರಿಯೊ ಎಡಿಸಿ ಚಿಪ್‌ಗಳಲ್ಲಿ ಚಾನೆಲ್‌ಗಳ ನಡುವಿನ ಪ್ರತ್ಯೇಕತೆ 1 ಕಿಲೋಹರ್ಟ್ಸ್‌ನಲ್ಲಿ ಸಾಮಾನ್ಯವಾಗಿ 100 ಡಿಬಿ ಆಸುಪಾಸು ಇರುತ್ತದೆ. ನಿಮ್ಮ ಅಳತೆಯಲ್ಲಿ −60 ಡಿಬಿ ಬಂದಿದ್ದರೆ ತಪ್ಪು ಚಿಪ್‌ನ ಒಳಗಿಲ್ಲ, ಅದರ ಸುತ್ತ ಇದೆ: ಕೇಬಲ್, ಜ್ಯಾಕ್, ವಾಲ್ಯೂಮ್ ಪಾಟ್, ಬಯಾಸ್ ಕೆಪಾಸಿಟರ್, ಗ್ರೌಂಡ್ ಅಥವಾ ಸಾಫ್ಟ್‌ವೇರ್.

ಇವುಗಳಲ್ಲಿ ಯಾವುದು ಎಂದು ತಿಳಿಯಲು ಪೆಟ್ಟಿಗೆ ಬಿಚ್ಚಬೇಕಾಗಿಲ್ಲ. ಸೋರಿಕೆ ಫ್ರೀಕ್ವೆನ್ಸಿಯ ಜೊತೆ ಹೇಗೆ ಬದಲಾಗುತ್ತದೆ, ಸುಮ್ಮನಿರುವ ಚಾನೆಲ್‌ನ ಇನ್‌ಪುಟ್‌ಗೆ ಕಟ್ಟಿದ ರೆಸಿಸ್ಟರ್ ಬದಲಿಸಿದರೆ ಏನಾಗುತ್ತದೆ, ಈ ಎರಡು ಸಂಗತಿ ಗೊತ್ತಾದರೆ ಕಾರಣ ಬಹುಪಾಲು ಗೊತ್ತಾದಂತೆಯೇ. ಅದಿಲ್ಲದೆ ಬೆಸುಗೆ ಕಬ್ಬಿಣ ಬಿಸಿ ಮಾಡಿ ಆಪ್-ಆಂಪ್ (ಸಿಗ್ನಲ್ ವರ್ಧಿಸುವ ಚಿಪ್) ಬದಲಿಸಲು ಕೂರುವುದು ದಂಡ.

ಮೊದಲು ಸರಿಯಾಗಿ ಅಳೆಯಿರಿ

ಬೇಕಾಗುವ ಸಾಮಾನು ಕಡಿಮೆ. ಒಂದು ಸೈನ್ ವೇವ್ ಮೂಲ (ಅದೇ ಆಡಿಯೊ ಇಂಟರ್ಫೇಸ್‌ನ ಔಟ್‌ಪುಟ್ ಆದರೂ ನಡೆಯುತ್ತದೆ), ಎಫ್‌ಎಫ್‌ಟಿ (ಸಿಗ್ನಲ್‌ನ ಒಂದೊಂದು ಫ್ರೀಕ್ವೆನ್ಸಿಯ ಮಟ್ಟವನ್ನು ಬಿಡಿಸುವ ಲೆಕ್ಕ) ತೋರಿಸುವ ಒಂದು ಸಾಫ್ಟ್‌ವೇರ್ (ಉಚಿತವಾಗಿ ಸಿಗುವ ಆರ್‌ಇಡಬ್ಲ್ಯೂ, ಅಂದರೆ ರೂಮ್ ಇಕ್ಯೂ ವಿಝಾರ್ಡ್, ಸಾಕು), ಮತ್ತು ಟರ್ಮಿನೇಶನ್ ಪ್ಲಗ್‌ಗಳು. ಈ ಪ್ಲಗ್ ನೀವೇ ಮಾಡಿಕೊಳ್ಳಿ: ಆರ್‌ಸಿಎ ಪ್ಲಗ್‌ನ ನಡುವಿನ ಪಿನ್‌ಗೂ ಹೊರ ಕವಚಕ್ಕೂ ನಡುವೆ 150 ಓಮ್ ರೆಸಿಸ್ಟರ್ ಬೆಸೆದು ಮುಚ್ಚಳ ಹಾಕಿದರೆ ಆಯಿತು. ಎಕ್ಸ್‌ಎಲ್‌ಆರ್ ಆದರೆ 2 ಮತ್ತು 3ನೇ ಪಿನ್ ನಡುವೆ ಬೆಸೆಯಿರಿ, ಅಳೆಯುವಾಗ ಫ್ಯಾಂಟಮ್ ಪವರ್ ಆರಿಸಿರಲಿ. ಇನ್ನೊಂದು ಪ್ಲಗ್‌ಗೆ 1.5 ಕಿಲೋಓಮ್ ಹಾಕಿಡಿ. ಈ ಹತ್ತು ಪಟ್ಟಿನ ಅಂತರ ಮುಂದೆ ಕೆಲಸಕ್ಕೆ ಬರುತ್ತದೆ.

ಸುಮ್ಮನಿರುವ ಚಾನೆಲ್‌ನ ಇನ್‌ಪುಟ್ ತೆರೆದು ಬಿಟ್ಟು ಅಳೆಯಬೇಡಿ. ಕ್ರಾಸ್‌ಟಾಕ್ ಅಳತೆಯಲ್ಲಿ ಅತಿ ಹೆಚ್ಚು ನಡೆಯುವ ಎಡವಟ್ಟು ಇದೇ. ತೆರೆದ ಇನ್‌ಪುಟ್‌ನಲ್ಲಿ ಸೋರಿ ಬಂದ ಕರೆಂಟ್‌ಗೆ ಕಾಣುವುದು ಬೋರ್ಡ್ ಮೇಲಿನ ಇನ್‌ಪುಟ್ ರೆಸಿಸ್ಟರ್ ಮಾತ್ರ. ಅದು 47 ಕಿಲೋಓಮ್ ಇದ್ದರೆ, 150 ಓಮ್ ಕಟ್ಟಿದಾಗ ಬರುವುದಕ್ಕಿಂತ ಸೋರಿಕೆ ಸುಮಾರು 50 ಡಿಬಿ ಹೆಚ್ಚು ಕಾಣಬಹುದು. ನಿಜ ಬಳಕೆಯಲ್ಲಿ ಅಲ್ಲಿ ಯಾವುದೋ ಒಂದು ಸಾಧನ ಸಿಕ್ಕಿಸಿಯೇ ಇರುತ್ತದೆ, ಹಾಗಾಗಿ ತೆರೆದ ಇನ್‌ಪುಟ್‌ನ ಅಂಕಿಗೆ ಅರ್ಥವಿಲ್ಲ.

ಮೂಲದ ಕಡೆಯೂ ಒಂದು ಮೋಸ ಇದೆ. ಸ್ಟೀರಿಯೊ ಔಟ್‌ಪುಟ್‌ನ ಎರಡೂ ಚಾನೆಲ್‌ಗಳನ್ನು ಇನ್‌ಪುಟ್‌ಗೆ ಜೋಡಿಸಿ, ಒಂದನ್ನು ಸಾಫ್ಟ್‌ವೇರ್‌ನಲ್ಲಿ ಮ್ಯೂಟ್ ಮಾಡಿ ಅಳೆದರೆ ಔಟ್‌ಪುಟ್‌ನ ಕ್ರಾಸ್‌ಟಾಕ್ ಕೂಡ ಲೆಕ್ಕಕ್ಕೆ ಸೇರುತ್ತದೆ. ಒಂದೇ ತಂತಿ ಜೋಡಿಸಿ, ಇನ್ನೊಂದು ಇನ್‌ಪುಟ್‌ಗೆ ಟರ್ಮಿನೇಶನ್ ಪ್ಲಗ್ ಹಾಕಿ.

ಇನ್ನು ಸಂಖ್ಯೆಗಳು. ಸ್ಯಾಂಪಲ್ ರೇಟ್ 48 ಕಿಲೋಹರ್ಟ್ಸ್, ಎಫ್‌ಎಫ್‌ಟಿ ಉದ್ದ 65536 ಇಟ್ಟರೆ ಒಂದೊಂದು ಬಿನ್ (ಎಫ್‌ಎಫ್‌ಟಿಯ ಒಂದು ಫ್ರೀಕ್ವೆನ್ಸಿ ಮನೆ) 0.7324 ಹರ್ಟ್ಸ್ ಅಗಲ ಇರುತ್ತದೆ. ಸೈನ್‌ನ ಫ್ರೀಕ್ವೆನ್ಸಿ ಬಿನ್‌ನ ಸರಿ ಮಧ್ಯದಲ್ಲಿ ಕೂತರೆ ಮಟ್ಟ ನಿಖರವಾಗಿ ಸಿಗುತ್ತದೆ: 90.09, 999.76 ಮತ್ತು 9999.76 ಹರ್ಟ್ಸ್ (ಕ್ರಮವಾಗಿ 123, 1365, 13653ನೇ ಬಿನ್). ಆರ್‌ಇಡಬ್ಲ್ಯೂನಲ್ಲಿ ಜನರೇಟರನ್ನು ಎಫ್‌ಎಫ್‌ಟಿಗೆ ಬಿಗಿದಿಡುವ ಆಯ್ಕೆ ಇದೆ, ಅದನ್ನು ಒತ್ತಿದರೆ ಈ ಲೆಕ್ಕ ಅದೇ ಮಾಡುತ್ತದೆ. ಕೆಳಗಿನ ಫ್ರೀಕ್ವೆನ್ಸಿಗೆ 100 ಹರ್ಟ್ಸ್ ಬಿಟ್ಟು 90 ಆರಿಸಿದ್ದಕ್ಕೆ ಕಾರಣ ಇದೆ. 50 ಹರ್ಟ್ಸ್ ಮೇನ್ಸ್ ಇರುವ ಕಡೆ ರೆಕ್ಟಿಫೈಯರ್‌ನ ಗುಂಯ್ ಶಬ್ದ ಸರಿಯಾಗಿ ಅಲ್ಲೇ ಬಂದು ಕೂರುತ್ತದೆ, ಅದನ್ನೇ ಸೋರಿಕೆ ಎಂದು ಓದಿಬಿಡುತ್ತೀರಿ. ಸೈನ್ ಮೂಲ ಬೇರೆ ಸಾಧನವಾಗಿದ್ದು ಕ್ಲಾಕ್ ಬೇರೆ ಇದ್ದರೆ ಬಿನ್ ಮಧ್ಯೆ ಕೂರಿಸುವುದು ಆಗದ ಮಾತು. ಆಗ ಸಾಫ್ಟ್‌ವೇರ್‌ನಲ್ಲಿ ಫ್ಲಾಟ್-ಟಾಪ್ ವಿಂಡೋ ಆರಿಸಿ, ಸ್ವರ ಬಿನ್ ಮಧ್ಯೆ ಕೂರದಿದ್ದರೂ ಅದು ಮಟ್ಟವನ್ನು ಸರಿಯಾಗಿ ತೋರಿಸುತ್ತದೆ.

ಸದ್ದಿನ ಚಾನೆಲ್‌ಗೆ −1 ಡಿಬಿಎಫ್‌ಎಸ್ (ಎಡಿಸಿ ಹಿಡಿಯಬಲ್ಲ ಗರಿಷ್ಠ ಮಟ್ಟವನ್ನು 0 ಎಂದಿಟ್ಟ ಅಳತೆ) ಕೊಡಿ. ಪೂರ್ತಿ 0 ಬೇಡ, ಕ್ಲಿಪ್ ಆದರೆ ಸಪ್ಲೈ ಕರೆಂಟ್ ಜಿಗಿದು ಬೇರೆಯೇ ಕಥೆ ಶುರುವಾಗುತ್ತದೆ. ಸುಮ್ಮನಿರುವ ಚಾನೆಲ್‌ನ ಎಫ್‌ಎಫ್‌ಟಿಯಲ್ಲಿ ಅದೇ ಬಿನ್‌ನ ಮಟ್ಟ ಬರೆದುಕೊಳ್ಳಿ. ನಾಯ್ಸ್‌ನ ಒಟ್ಟು ಮಟ್ಟ −100 ಡಿಬಿಎಫ್‌ಎಸ್ ಇರುವ ಎಡಿಸಿಯಲ್ಲೂ 65536 ಉದ್ದದ ಎಫ್‌ಎಫ್‌ಟಿಯಲ್ಲಿ ಒಂದೊಂದು ಬಿನ್‌ನ ನಾಯ್ಸ್ −145ರ ಹತ್ತಿರ ಇಳಿದಿರುತ್ತದೆ (ವಿಂಡೋ ಹಾಕಿದರೆ ಎರಡು-ಮೂರು ಡಿಬಿ ಮೇಲೆ). ಹಾಗಾಗಿ −120 ಡಿಬಿ ಸೋರಿಕೆಯೂ ನಾಯ್ಸ್‌ನಿಂದ ಎದ್ದು ಕಾಣುತ್ತದೆ. ಸಾಲದಿದ್ದರೆ ಸಿಂಕ್ರೊನಸ್ ಆವರೇಜಿಂಗ್ (ತರಂಗಗಳನ್ನು ಫೇಸ್ ಹೊಂದಿಸಿ ಸರಾಸರಿ ತೆಗೆಯುವುದು) ಮಾಡಿ, 16 ಸಲಕ್ಕೆ ಇನ್ನೂ 12 ಡಿಬಿ ಇಳಿಯುತ್ತದೆ. ಸಾಮಾನ್ಯ ಪವರ್ ಆವರೇಜಿಂಗ್ ನಾಯ್ಸನ್ನು ನುಣುಪು ಮಾಡುತ್ತದೆಯೇ ಹೊರತು ಇಳಿಸುವುದಿಲ್ಲ.

ಎರಡು ಚಾನೆಲ್‌ಗಳ ಗೇನ್ ಬೇರೆ ಬೇರೆ ಇದ್ದರೆ ಅದನ್ನು ಕಳೆಯಲೇಬೇಕು. ಲೈನ್ ಇನ್‌ಪುಟ್‌ಗೆ −1 ಡಿಬಿಎಫ್‌ಎಸ್ ಕೊಟ್ಟಾಗ, 40 ಡಿಬಿ ಗೇನ್ ಇಟ್ಟ ಪಕ್ಕದ ಮೈಕ್ ಚಾನೆಲ್‌ನಲ್ಲಿ −81 ಡಿಬಿಎಫ್‌ಎಸ್ ಕಂಡಿತು ಎನ್ನಿ. ನೇರ ವ್ಯತ್ಯಾಸ −80 ಡಿಬಿ. ಆದರೆ ಇನ್‌ಪುಟ್‌ನಲ್ಲಿ ಲೆಕ್ಕ ಹಾಕಿದರೆ ಅದು −120 ಡಿಬಿ. ಅಂಥ ಸಾಧನಕ್ಕೆ ದುರಸ್ತಿಯ ಅಗತ್ಯವೇ ಇಲ್ಲ, ಗೇನ್ ಹಂಚುವ ರೀತಿ ಬದಲಿಸಬೇಕು ಅಷ್ಟೆ.

ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಎರಡನ್ನೂ ಅಳೆಯಿರಿ. ಒಟ್ಟು ಮೂರು ಫ್ರೀಕ್ವೆನ್ಸಿ, ಎರಡು ಟರ್ಮಿನೇಶನ್, ಎರಡು ದಿಕ್ಕು: ಹನ್ನೆರಡು ಅಂಕಿ. ಒಂದು ಹಾಳೆಯಲ್ಲಿ ಕೋಷ್ಟಕ ಬರೆದಿಡಿ. ಎರಡು ದಿಕ್ಕಿನ ಅಂಕಿ ಒಂದೇ ಇದ್ದರೆ ಎರಡೂ ಚಾನೆಲ್ ಹಂಚಿಕೊಳ್ಳುವ ಏನೋ ಒಂದು (ಗ್ರೌಂಡ್, ಬಯಾಸ್, ಸಪ್ಲೈ) ಕಾರಣ ಇರಬಹುದು. ಹತ್ತಾರು ಡಿಬಿ ವ್ಯತ್ಯಾಸ ಇದ್ದರೆ ಬೋರ್ಡ್ ಮೇಲೆ ಯಾವುದೋ ಒಂದು ತಂತಿ ಅಥವಾ ಟ್ರ್ಯಾಕ್ ತಪ್ಪು ಜಾಗದಲ್ಲಿದೆ.

ಅಂಕಿಗಳು ಏನು ಹೇಳುತ್ತವೆ

1 ಕಿಲೋಹರ್ಟ್ಸ್‌ನಿಂದ 10 ಕಿಲೋಹರ್ಟ್ಸ್‌ಗೆ ಹೋದಾಗ ಸೋರಿಕೆ 20 ಡಿಬಿ ಏರಿದರೆ ಅದು ಕೆಪಾಸಿಟನ್ಸ್ ಅಥವಾ ಇಂಡಕ್ಟನ್ಸ್ ಮೂಲಕ ಬರುತ್ತಿದೆ. ಇವೆರಡರಲ್ಲಿ ಯಾವುದು ಎಂದು ಟರ್ಮಿನೇಶನ್ ಹೇಳುತ್ತದೆ: 150 ಓಮ್ ತೆಗೆದು 1.5 ಕಿಲೋಓಮ್ ಹಾಕಿದಾಗ ಸೋರಿಕೆ ಹತ್ತಿರಹತ್ತಿರ 20 ಡಿಬಿ ಹೆಚ್ಚಿದರೆ ಕೆಪಾಸಿಟನ್ಸ್. ಬದಲಾಗದಿದ್ದರೆ ಅಥವಾ ಇಳಿದರೆ ಇಂಡಕ್ಟನ್ಸ್, ಅಥವಾ ಸೋರಿಕೆ ಇನ್‌ಪುಟ್ ಬಫರ್‌ನ ಆಚೆ, ಟರ್ಮಿನೇಶನ್‌ನ ಕೈಗೆ ಸಿಗದ ಜಾಗದಲ್ಲಿ ನಡೆಯುತ್ತಿದೆ. ಆಡಿಯೊ ಲೈನ್ ಮಟ್ಟದಲ್ಲಿ ಕರೆಂಟ್ ತೀರಾ ಕಡಿಮೆ ಇರುವುದರಿಂದ ನಿಜವಾದ ಇಂಡಕ್ಟಿವ್ ಸೋರಿಕೆ ಅಪರೂಪ. ಹೆಡ್‌ಫೋನ್ ಅಥವಾ ಸ್ಪೀಕರ್ ತಂತಿ ಇನ್‌ಪುಟ್ ತಂತಿಯ ಪಕ್ಕದಲ್ಲೇ ಹೋಗುತ್ತಿದ್ದರೆ ಮಾತ್ರ ಅನುಮಾನಿಸಿ.

ಮೂರೂ ಫ್ರೀಕ್ವೆನ್ಸಿಯಲ್ಲಿ ಒಂದೇ ಅಂಕಿ ಬಂದರೆ ಹಂಚಿಕೊಂಡ ಗ್ರೌಂಡ್‌ನ ರೆಸಿಸ್ಟೆನ್ಸ್, ಮಲ್ಟಿಪ್ಲೆಕ್ಸರ್‌ನಲ್ಲಿ ಉಳಿದ ಚಾರ್ಜ್, ಅಥವಾ ಡಿಜಿಟಲ್ ಕಡೆಯ ಬೆರಕೆ. ಫ್ರೀಕ್ವೆನ್ಸಿ ಇಳಿದಂತೆ ಸೋರಿಕೆ ಏರಿದರೆ ಎರಡೂ ಚಾನೆಲ್ ಹಂಚಿಕೊಂಡ ಯಾವುದೋ ಕೆಪಾಸಿಟರ್ ಸಣ್ಣದಾಗಿದೆ ಅಥವಾ ಒಣಗಿದೆ.

ಮೂಲ ಸ್ವರಕ್ಕಿಂತ ಅದರ ಎರಡು, ನಾಲ್ಕು ಪಟ್ಟಿನ ಸ್ವರಗಳೇ ಸುಮ್ಮನಿರುವ ಚಾನೆಲ್‌ನಲ್ಲಿ ಎದ್ದು ಕಂಡರೆ ಸಪ್ಲೈ ರೇಲ್ (ಆಪ್-ಆಂಪ್‌ಗೆ ವಿದ್ಯುತ್ ತರುವ ದಾರಿ) ನೋಡಿ. ಆಪ್-ಆಂಪ್‌ನ ಔಟ್‌ಪುಟ್ ಹಂತ ಲೋಡ್‌ಗೆ ಕರೆಂಟ್ ಕೊಡುವಾಗ ಒಂದೊಂದು ರೇಲ್‌ನಲ್ಲಿ ಹರಿಯುವುದು ಅರ್ಧ ತರಂಗ, ಅದರಲ್ಲಿ ಸಮ ಹಾರ್ಮೋನಿಕ್‌ಗಳು ದಂಡಿಯಾಗಿರುತ್ತವೆ. ಖಚಿತಪಡಿಸಿಕೊಳ್ಳಲು ಮೂಲವನ್ನು 20 ಡಿಬಿ ಇಳಿಸಿ ನೋಡಿ. ನೇರ ಸೋರಿಕೆ ಸರಿಯಾಗಿ 20 ಡಿಬಿ ಇಳಿಯುತ್ತದೆ. ಬೇರೆ ಪ್ರಮಾಣದಲ್ಲಿ ಇಳಿದರೆ ಅಲ್ಲಿ ಏನೋ ಒಂದು ಲೀನಿಯರ್ ಆಗಿಲ್ಲ.

ಕೆಪಾಸಿಟನ್ಸ್: 1 ಪಿಕೋಫ್ಯಾರಡ್‌ನ ಲೆಕ್ಕ

20 ಕಿಲೋಹರ್ಟ್ಸ್‌ನಲ್ಲಿ 1 ಪಿಕೋಫ್ಯಾರಡ್ ಎಂದರೆ ಸುಮಾರು 8 ಮೆಗಾಓಮ್. ಸುಮ್ಮನಿರುವ ಚಾನೆಲ್‌ನ ಆ ಬಿಂದುವಿನಲ್ಲಿ ಇಂಪಿಡೆನ್ಸ್ (ಎಸಿ ಸಿಗ್ನಲ್‌ಗೆ ಒಡ್ಡುವ ತಡೆ) 10 ಕಿಲೋಓಮ್ ಇದ್ದರೆ ಸೋರಿಕೆ −58 ಡಿಬಿ. 1 ಕಿಲೋಓಮ್ ಇದ್ದರೆ −78, 100 ಓಮ್ ಇದ್ದರೆ −98. ಕೆಪಾಸಿಟನ್ಸ್ ಮೂರರಲ್ಲೂ ಒಂದೇ, ಬದಲಾಗಿದ್ದು ಇಂಪಿಡೆನ್ಸ್ ಮಾತ್ರ. ಪಕ್ಕಪಕ್ಕದ ಎರಡು ಪಿನ್‌ಗಳ ನಡುವೆ ಈ 1 ಪಿಕೋಫ್ಯಾರಡ್ ಸುಮ್ಮನೆ ಇದ್ದೇ ಇರುತ್ತದೆ, ಅದನ್ನು ಇಲ್ಲವಾಗಿಸುವುದು ಕಷ್ಟ. ಇಂಪಿಡೆನ್ಸ್ ಇಳಿಸುವುದು ಸುಲಭ. ಆದ್ದರಿಂದ ಶೀಲ್ಡ್‌ಗೆ ಕೈ ಹಾಕುವ ಮೊದಲು ಸಿಗ್ನಲ್ ದಾರಿಯಲ್ಲಿ ಎಲ್ಲೆಲ್ಲಿ ಇಂಪಿಡೆನ್ಸ್ ಏರಿದೆ ಎಂದು ಹುಡುಕಿ.

ಎಲ್ಲಕ್ಕಿಂತ ಮೊದಲ ಆರೋಪಿ ಡ್ಯುಯಲ್-ಗ್ಯಾಂಗ್ ವಾಲ್ಯೂಮ್ ಪಾಟ್ (ಒಂದೇ ತಿರುಗುಣಿಯಿಂದ ಎರಡೂ ಚಾನೆಲ್ ಹೊಂದಿಸುವ ರೆಸಿಸ್ಟರ್). 50 ಕಿಲೋಓಮ್ ಪಾಟ್‌ನ ವೈಪರ್ (ಜಾರುವ ನಡುವಿನ ಸಂಪರ್ಕ) ಅರ್ಧ ಮಟ್ಟದಲ್ಲಿ (−6 ಡಿಬಿ) ನಿಂತಾಗ ಅಲ್ಲಿನ ಇಂಪಿಡೆನ್ಸ್ ಪಾಟ್‌ನ ಕಾಲು ಭಾಗ, ಅಂದರೆ 12.5 ಕಿಲೋಓಮ್. 1 ಪಿಕೋಫ್ಯಾರಡ್‌ಗೆ 20 ಕಿಲೋಹರ್ಟ್ಸ್‌ನಲ್ಲಿ −56 ಡಿಬಿ. ಪರೀಕ್ಷೆ ಸುಲಭ: ಪಾಟನ್ನು ಪೂರ್ತಿ ಮೇಲೆ ತಿರುಗಿಸಿ ಅಳೆಯಿರಿ, ಅರ್ಧಕ್ಕೆ ತಂದು ಮತ್ತೆ ಅಳೆಯಿರಿ. ಪೂರ್ತಿ ತಿರುಗಿಸಿದಾಗ 10 ಕಿಲೋಹರ್ಟ್ಸ್‌ನ ಸೋರಿಕೆ ಗಣನೀಯವಾಗಿ ಕುಸಿದರೆ ಪಾಟ್ ಮತ್ತು ಅದರ ವೈಪರ್ ತಂತಿಗಳೇ ಕಾರಣ. ಪಾಟನ್ನು 10 ಕಿಲೋಓಮ್‌ಗೆ ಬದಲಿಸಿದರೆ 14 ಡಿಬಿ ಸಿಗುತ್ತದೆ, ಆದರೆ ಅದನ್ನು ನಡೆಸುವ ಹಿಂದಿನ ಹಂತಕ್ಕೆ ಆ ಲೋಡ್ ತಡೆಯುವ ಶಕ್ತಿ ಇರಬೇಕು. ವೈಪರ್‌ನ ಬುಡದಲ್ಲೇ ಬಫರ್ ಆಪ್-ಆಂಪ್ ಇಟ್ಟರೆ ಇನ್ನೂ ಒಳ್ಳೆಯದು. ಪಾಟ್‌ನಿಂದ ಬೋರ್ಡ್‌ಗೆ ಹತ್ತು ಸೆಂಟಿಮೀಟರ್ ಬರಿ ತಂತಿ ಹೆಣೆದುಕೊಂಡು ಬಂದಿದ್ದರೆ ಮೊದಲು ಅದನ್ನು ಬಿಡಿಸಿ, ಒಂದೊಂದು ಚಾನೆಲ್‌ಗೆ ಪ್ರತ್ಯೇಕ ಶೀಲ್ಡ್ ತಂತಿ ಹಾಕಿ.

ನಂತರ ಕನೆಕ್ಟರ್ ಮತ್ತು ರಿಬ್ಬನ್ ಕೇಬಲ್. ಪಿನ್‌ಗಳ ಕ್ರಮ ಎಡ-ಬಲ-ಗ್ರೌಂಡ್ ಎಂದಿದ್ದರೆ ಎಡ-ಗ್ರೌಂಡ್-ಬಲ ಎಂದು ಬದಲಿಸಿ. ನಡುವಿನ ಗ್ರೌಂಡ್ ತಂತಿ ಸೋರಿಕೆಯ ಬಹುಭಾಗವನ್ನು ತಾನೇ ನುಂಗುತ್ತದೆ. ಒಂದೇ ಶೀಲ್ಡ್ ಒಳಗೆ ಎರಡೂ ಚಾನೆಲ್‌ಗಳ ಕೋರ್ ಇರುವ ತೆಳ್ಳಗಿನ ಸ್ಟೀರಿಯೊ ಕೇಬಲ್ ಉದ್ದ ಹೋದಷ್ಟೂ ತೊಂದರೆ. ಮೂಲದ ಔಟ್‌ಪುಟ್ ಇಂಪಿಡೆನ್ಸ್ 100 ಓಮ್ ಇದ್ದರೆ ಪರವಾಗಿಲ್ಲ, ಟ್ಯೂಬ್ ಪ್ರೀಆಂಪ್‌ನಂತೆ ಹಲವು ಕಿಲೋಓಮ್ ಇದ್ದರೆ ಎರಡು ಬೇರೆ ಬೇರೆ ಕೋಆಕ್ಸ್ ಹಾಕಿ.

ಬೋರ್ಡ್ ಮೇಲೆ ಹೈ-ಇಂಪಿಡೆನ್ಸ್ ಟ್ರ್ಯಾಕ್‌ಗಳ ನಡುವೆ ಗ್ರೌಂಡ್‌ಗೆ ಸೇರಿದ ಗಾರ್ಡ್ ಟ್ರ್ಯಾಕ್ ಬೇಕು. ಈಗಾಗಲೇ ತಯಾರಾದ ಬೋರ್ಡ್ ಆದರೆ ತಾಮ್ರದ ಟೇಪಿನ ಒಂದು ಪಟ್ಟಿಯನ್ನು ಎರಡು ಇನ್‌ಪುಟ್ ಹಂತಗಳ ನಡುವೆ ನಿಲ್ಲಿಸಿ ಗ್ರೌಂಡ್‌ಗೆ ಬೆಸೆದು ನೋಡಿ. ತೇಲುತ್ತಿರುವ, ಗ್ರೌಂಡ್‌ಗೆ ಸೇರದ ಲೋಹದ ತುಂಡು ಶೀಲ್ಡ್ ಅಲ್ಲ, ಅದು ಎರಡೂ ಕಡೆಗೆ ಸೇತುವೆಯಾಗಿ ಸೋರಿಕೆಯನ್ನು ಹೆಚ್ಚಿಸುತ್ತದೆ. ಪಾಟ್‌ನ ಲೋಹದ ಮೈ ಗ್ರೌಂಡ್‌ಗೆ ಸೇರಿದೆಯೇ ಎಂದು ಇದೇ ಹೊತ್ತಿನಲ್ಲಿ ನೋಡಿಬಿಡಿ.

ಇನ್‌ಪುಟ್ ಆಯ್ಕೆಗೆ 4053ನಂಥ ಅನಲಾಗ್ ಸ್ವಿಚ್ ಇದ್ದರೆ, ಬಳಸದ ಇನ್‌ಪುಟ್‌ನಿಂದಲೂ ತೆರೆದ ಸ್ವಿಚ್‌ನ ಕೆಪಾಸಿಟನ್ಸ್ ಮೂಲಕ ಸದ್ದು ಬರುತ್ತದೆ. ಮದ್ದು: ಆಯ್ಕೆಯಾಗದ ಇನ್‌ಪುಟ್ ಗ್ರೌಂಡ್‌ಗೆ ಸೇರುವಂತೆ ವೈರಿಂಗ್ ಮಾಡುವುದು.

ಗ್ರೌಂಡ್: ಮಿಲಿಓಮ್‌ಗಳ ಜಗಳ

ಸಾಮಾನ್ಯ 35 ಮೈಕ್ರಾನ್ ದಪ್ಪದ ತಾಮ್ರದಲ್ಲಿ ಒಂದು ಚೌಕಕ್ಕೆ ಅರ್ಧ ಮಿಲಿಓಮ್ ರೆಸಿಸ್ಟೆನ್ಸ್. ಚೌಕ ದೊಡ್ಡದಿರಲಿ ಸಣ್ಣದಿರಲಿ ಅಷ್ಟೇ. ಅರ್ಧ ಮಿಲಿಮೀಟರ್ ಅಗಲ, 50 ಮಿಲಿಮೀಟರ್ ಉದ್ದದ ಗ್ರೌಂಡ್ ಟ್ರ್ಯಾಕ್ ಎಂದರೆ 100 ಚೌಕ, 50 ಮಿಲಿಓಮ್. ಎರಡೂ ಚಾನೆಲ್‌ಗಳ ವಾಪಸು ಕರೆಂಟ್ ಇದರಲ್ಲೇ ಹರಿದರೆ ಎಷ್ಟು ಸೋರಿಕೆ? ಸದ್ದಿನ ಚಾನೆಲ್‌ನ ಲೋಡ್ 10 ಕಿಲೋಓಮ್ ಇದ್ದರೆ 1 ವೋಲ್ಟ್‌ಗೆ 100 ಮೈಕ್ರೋಆಂಪಿಯರ್, ಟ್ರ್ಯಾಕ್ ಮೇಲೆ 5 ಮೈಕ್ರೋವೋಲ್ಟ್: −106 ಡಿಬಿ. ಚಿಂತೆ ಇಲ್ಲ. ಅದೇ ಗ್ರೌಂಡ್‌ನಲ್ಲಿ 32 ಓಮ್ ಹೆಡ್‌ಫೋನ್‌ನ ಕರೆಂಟ್ ಹರಿದರೆ −56 ಡಿಬಿ. ಇನ್‌ಪುಟ್‌ನಲ್ಲಿ ಕಾಣುವ ಎಷ್ಟೋ ‘ಕ್ರಾಸ್‌ಟಾಕ್’ ನಿಜಕ್ಕೂ ಹೆಡ್‌ಫೋನ್ ಔಟ್‌ಪುಟ್‌ನ ಕರೆಂಟ್ ಇನ್‌ಪುಟ್ ಗ್ರೌಂಡ್‌ನಲ್ಲಿ ಓಡಾಡುವುದು. ಹೆಡ್‌ಫೋನ್ ಕಿತ್ತು ಮತ್ತೆ ಅಳೆಯಿರಿ. ಅಂಕಿ ಇಳಿದರೆ ವಿಷಯ ಅಲ್ಲೇ ಇತ್ಯರ್ಥ.

ಗ್ರೌಂಡ್‌ನ ರೆಸಿಸ್ಟೆನ್ಸ್ ಸಾಮಾನ್ಯ ಮಲ್ಟಿಮೀಟರ್‌ನ ಓಮ್ ರೇಂಜ್‌ನಲ್ಲಿ ಸಿಗುವುದಿಲ್ಲ, ಪ್ರೋಬ್‌ಗಳ ರೆಸಿಸ್ಟೆನ್ಸೇ ಅದಕ್ಕಿಂತ ಹೆಚ್ಚು. ಸಾಧನ ಆರಿಸಿ, ಎಲ್ಲ ತಂತಿ ಕಿತ್ತು, ಬೆಂಚ್ ಸಪ್ಲೈಯಿಂದ ಕರೆಂಟ್ ಮಿತಿ 100 ಮಿಲಿಆಂಪಿಯರ್‌ಗೆ ಇಟ್ಟು ಜ್ಯಾಕ್‌ನ ಕವಚದಿಂದ ಎಡಿಸಿಯ ಅನಲಾಗ್ ಗ್ರೌಂಡ್ ಪಿನ್‌ವರೆಗೆ ಹರಿಸಿ. ವೋಲ್ಟೇಜ್ ಮಿತಿಯನ್ನು 1 ವೋಲ್ಟ್‌ಗಿಂತ ಕೆಳಗೇ ಇಟ್ಟಿರಿ, ತಂತಿ ಜಾರಿ ಬೇರೆ ಪಿನ್ ತಾಗಿದರೂ ಚಿಪ್ ಉಳಿಯುತ್ತದೆ. ಇನ್ನೊಂದು ಜೊತೆ ಪ್ರೋಬ್‌ನಿಂದ ಅವೇ ಎರಡು ಬಿಂದುಗಳ ನಡುವೆ ಮಿಲಿವೋಲ್ಟ್ ಓದಿ. 1 ಮಿಲಿವೋಲ್ಟ್ ಎಂದರೆ 10 ಮಿಲಿಓಮ್. ಹೀಗೆ ಪ್ರೋಬ್ ಸರಿಸುತ್ತ ಹೋದರೆ ರೆಸಿಸ್ಟೆನ್ಸ್ ಎಲ್ಲಿ ಜಿಗಿಯುತ್ತದೋ ಅಲ್ಲಿ ಸಡಿಲ ಸ್ಕ್ರೂ, ಒಣ ಬೆಸುಗೆ ಅಥವಾ ತೆಳ್ಳನೆ ಟ್ರ್ಯಾಕ್ ಸಿಗುತ್ತದೆ. ಅಲ್ಲಿಗೆ ದಪ್ಪ ತಂತಿಯೊಂದನ್ನು ಸಮಾನಾಂತರವಾಗಿ ಬೆಸೆಯಿರಿ. ಹೆಡ್‌ಫೋನ್‌ನಂಥ ಭಾರಿ ಕರೆಂಟ್‌ನ ಗ್ರೌಂಡನ್ನು ಮಾತ್ರ ಪ್ರತ್ಯೇಕ ತಂತಿಯಲ್ಲಿ ಸಪ್ಲೈ ಕೆಪಾಸಿಟರ್‌ನ ಬುಡಕ್ಕೇ ಒಯ್ಯಿರಿ.

ಅಡಿಯಿಡೀ ತಾಮ್ರದ ಗ್ರೌಂಡ್ ಪ್ಲೇನ್ ಇದೆ, ಆದ್ದರಿಂದ ತೊಂದರೆ ಇಲ್ಲ ಎನ್ನುವವರಿದ್ದಾರೆ. ಮೆಗಾಹರ್ಟ್ಸ್‌ನಲ್ಲಿ ವಾಪಸು ಕರೆಂಟ್ ಸಿಗ್ನಲ್ ಟ್ರ್ಯಾಕ್‌ನ ಅಡಿಯಲ್ಲೇ ಹರಿಯುತ್ತದೆ ನಿಜ. ಆಡಿಯೊ ಫ್ರೀಕ್ವೆನ್ಸಿಯ ಕೆಳಭಾಗದಲ್ಲಿ ಅದು ರೆಸಿಸ್ಟೆನ್ಸ್ ಕಡಿಮೆ ಇರುವ ಕಡೆಗೆಲ್ಲ ಹರಡಿಕೊಳ್ಳುತ್ತದೆ. ಹಾಗಾಗಿ ಜ್ಯಾಕ್‌ಗಳನ್ನು, ಹೆಡ್‌ಫೋನ್ ಹಂತವನ್ನು ಎಲ್ಲಿ ಕೂರಿಸಿದ್ದಾರೆ ಎನ್ನುವುದು ಪ್ಲೇನ್ ಇದ್ದರೂ ಮುಖ್ಯವೇ.

3.5 ಮಿಲಿಮೀಟರ್ ಜ್ಯಾಕ್ ಬಗ್ಗೆ ಎರಡು ಮಾತು. ಪ್ಲಗ್ಗನ್ನು ತಿರುಗಿಸಿದಾಗ ಸೋರಿಕೆಯ ಅಂಕಿ ಏರಿಳಿದರೆ ಗ್ರೌಂಡ್ ಸಂಪರ್ಕ ಕಿಲುಬು ಹಿಡಿದಿದೆ, ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ನಾಲ್ಕಾರು ಸಲ ಹಾಕಿ ತೆಗೆಯಿರಿ. ಗ್ರೌಂಡ್ ಪೂರ್ತಿ ಕಡಿದುಹೋಗಿದ್ದು, ಎರಡು ಸಾಧನಗಳ ನಡುವೆ ಬೇರೆ ಗ್ರೌಂಡ್ ದಾರಿಯೂ ಇಲ್ಲದಿದ್ದರೆ ವಿಚಿತ್ರ ಲಕ್ಷಣ ಕಾಣುತ್ತದೆ: ಎಡಕ್ಕೆ ಮಾತ್ರ ಸಿಗ್ನಲ್ ಕೊಟ್ಟರೂ ಎರಡೂ ಚಾನೆಲ್‌ಗಳಲ್ಲಿ 6 ಡಿಬಿ ಇಳಿದ, ಒಂದಕ್ಕೊಂದು ತಲೆಕೆಳಗಾದ ಸಿಗ್ನಲ್. ಹಾಡು ಹಾಕಿದರೆ ಮಧ್ಯದಲ್ಲಿರುವ ಗಾಯನ ಮಾಯವಾಗಿ ಪಕ್ಕವಾದ್ಯ ಮಾತ್ರ ಉಳಿಯುತ್ತದೆ. ಇದು ಎಡಿಸಿಯ ದೋಷವಲ್ಲ, ಪ್ಲಗ್ ಒಳಗೆ ಬಿಟ್ಟುಹೋದ ಒಂದು ಬೆಸುಗೆ.

ಕೆಳಗಿನ ಫ್ರೀಕ್ವೆನ್ಸಿಯಲ್ಲಿ ಸೋರಿಕೆ: ಬಯಾಸ್ ಕೆಪಾಸಿಟರ್

ಒಂದೇ ಸಪ್ಲೈಯಲ್ಲಿ ನಡೆಯುವ ಎಡಿಸಿಗಳಲ್ಲಿ ಸಿಗ್ನಲ್ಲನ್ನು ಮಧ್ಯದ ವೋಲ್ಟೇಜ್‌ನಲ್ಲಿ ತೇಲಿಸಲು ವಿಕಾಮ್ ಪಿನ್ ಇರುತ್ತದೆ. ಅಗ್ಗದ ಬೋರ್ಡ್‌ಗಳಲ್ಲಿ ಎರಡೂ ಚಾನೆಲ್‌ಗಳ ಬಯಾಸ್ ರೆಸಿಸ್ಟರ್ ನೇರವಾಗಿ ಆ ಪಿನ್‌ಗೇ ಸೇರಿರುತ್ತದೆ, ಅದಕ್ಕೆ 10 ಮೈಕ್ರೋಫ್ಯಾರಡ್‌ನ ಒಂದು ಕೆಪಾಸಿಟರ್. 20 ಹರ್ಟ್ಸ್‌ನಲ್ಲಿ ಆ ಕೆಪಾಸಿಟರ್ 796 ಓಮ್. 47 ಕಿಲೋಓಮ್ ಬಯಾಸ್ ರೆಸಿಸ್ಟರ್ ಮೂಲಕ 1 ವೋಲ್ಟ್ ಸಿಗ್ನಲ್ 21 ಮೈಕ್ರೋಆಂಪಿಯರ್ ಹರಿಸಿದರೆ ವಿಕಾಮ್ ಮೇಲೆ 17 ಮಿಲಿವೋಲ್ಟ್ ಏಳುತ್ತದೆ, ಅಂದರೆ −35 ಡಿಬಿ. 1 ಕಿಲೋಹರ್ಟ್ಸ್‌ನಲ್ಲಿ ಅದೇ −69. ಇನ್ನೊಂದು ಚಾನೆಲ್ ಇದನ್ನು ತನ್ನ 47 ಕಿಲೋಓಮ್ ಮೂಲಕ ಮಾತ್ರ ನೋಡಿದರೆ, ಅದರ ಸಿಗ್ನಲ್ ಮೂಲದ ಇಂಪಿಡೆನ್ಸ್ ಸಣ್ಣದಿರುವುದರಿಂದ ಇನ್ನೂ ಐವತ್ತು ಡಿಬಿಯಷ್ಟು ಇಳಿಯುತ್ತದೆ, ಬಚಾವ್. ಆದರೆ ಅಲ್ಲಿನ ಆಪ್-ಆಂಪ್ ವಿಕಾಮನ್ನೇ ತನ್ನ ರೆಫರೆನ್ಸ್ ಮಾಡಿಕೊಂಡಿದ್ದರೆ ಆ −35 ಡಿಬಿ ಪೂರ್ತಿಯಾಗಿ ಬಂದು ಕೂರುತ್ತದೆ.

ಕೆಪಾಸಿಟರನ್ನು 100 ಮೈಕ್ರೋಫ್ಯಾರಡ್‌ಗೆ ಏರಿಸಿದರೆ ಸರಿಯಾಗಿ 20 ಡಿಬಿ ಸಿಗುತ್ತದೆ. ಹಳೆಯ ಸಾಧನವಾದರೆ ಮೊದಲು ಇರುವ ಎಲೆಕ್ಟ್ರೊಲಿಟಿಕನ್ನು ಕಿತ್ತು ಅಳೆಯಿರಿ, ಒಣಗಿ ಹತ್ತರಲ್ಲೊಂದು ಪಾಲಿಗೆ ಇಳಿದಿರುವುದು ಸಾಮಾನ್ಯ. ಜೊತೆಗೆ ಪಿನ್‌ಗೆ ಅಂಟಿದಂತೆ 0.1 ಮೈಕ್ರೋಫ್ಯಾರಡ್ ಸೆರಾಮಿಕ್ ಇರಲಿ. ಶಾಶ್ವತ ಪರಿಹಾರ ಬೇಕೆಂದರೆ ವಿಕಾಮ್‌ನಿಂದ ಚಾನೆಲ್‌ಗೊಂದು ಬಫರ್ ಆಪ್-ಆಂಪ್ ಹಾಕಿ ಪ್ರತ್ಯೇಕಿಸಿ. ಬಫರ್‌ನ ಔಟ್‌ಪುಟ್‌ಗೆ ನೇರವಾಗಿ ದೊಡ್ಡ ಕೆಪಾಸಿಟರ್ ಕಟ್ಟಿದರೆ ಅದು ಆಂದೋಲಿಸತೊಡಗುತ್ತದೆ, ನಡುವೆ ಕೆಲವು ಹತ್ತು ಓಮ್ ರೆಸಿಸ್ಟರ್ ಇಡಿ.

ರೆಫರೆನ್ಸ್ ಪಿನ್ (ವಿರೆಫ್) ಕಥೆ ಬೇರೆ, ಮತ್ತು ಇದು ಹಲವರ ಕಣ್ಣು ತಪ್ಪಿಸುತ್ತದೆ. ರೆಫರೆನ್ಸ್ ವೋಲ್ಟೇಜ್ ಅಲುಗಾಡಿದರೆ ಅದು ಸಿಗ್ನಲ್ಲನ್ನು ಗುಣಿಸುತ್ತದೆ, ಕೂಡುವುದಿಲ್ಲ. ಸುಮ್ಮನಿರುವ ಚಾನೆಲ್‌ನಲ್ಲಿ ಗುಣಿಸಲು ಏನೂ ಇಲ್ಲ, ಹಾಗಾಗಿ ಮೇಲಿನ ಹನ್ನೆರಡು ಅಂಕಿಯಲ್ಲಿ ಈ ದೋಷ ಕಾಣುವುದೇ ಇಲ್ಲ. ಹಿಡಿಯಲು ಎರಡೂ ಚಾನೆಲ್‌ಗೆ ಸಿಗ್ನಲ್ ಕೊಡಿ: ಒಂದಕ್ಕೆ 90 ಹರ್ಟ್ಸ್, ಇನ್ನೊಂದಕ್ಕೆ 10 ಕಿಲೋಹರ್ಟ್ಸ್, ಎರಡೂ −3 ಡಿಬಿಎಫ್‌ಎಸ್. 10 ಕಿಲೋಹರ್ಟ್ಸ್‌ನ ಎರಡೂ ಪಕ್ಕದಲ್ಲಿ 90 ಅಥವಾ 180 ಹರ್ಟ್ಸ್ ದೂರದಲ್ಲಿ ರೆಕ್ಕೆಗಳು ಎದ್ದರೆ ವಿರೆಫ್‌ನ ಕೆಪಾಸಿಟರ್ ನೋಡಿ. ಈ ಪರೀಕ್ಷೆಗೆ ಎರಡು ಪ್ರತ್ಯೇಕ ಮೂಲಗಳಿದ್ದರೆ ಒಳ್ಳೆಯದು.

ಸಪ್ಲೈ

ಎನ್‌ಇ5532ನಂಥ ಡ್ಯುಯಲ್ ಆಪ್-ಆಂಪ್‌ನ ಎರಡು ಅರ್ಧಗಳ ನಡುವಿನ ಪ್ರತ್ಯೇಕತೆ 1 ಕಿಲೋಹರ್ಟ್ಸ್‌ನಲ್ಲಿ ಸುಮಾರು 110 ಡಿಬಿ. ಪ್ಯಾಕೇಜ್ ಹಂಚಿಕೊಂಡದ್ದೇ ತಪ್ಪು ಎಂದು ದೂರಲು ಇದು ಕಾರಣವಾಗುವುದು ಕಡಿಮೆ. ತೊಂದರೆ ರೇಲ್‌ನದು, ಏಕೆಂದರೆ ಆಪ್-ಆಂಪ್ ಸಪ್ಲೈ ಗದ್ದಲವನ್ನು ತಡೆಯುವ ಶಕ್ತಿ ಫ್ರೀಕ್ವೆನ್ಸಿ ಏರಿದಂತೆ ಕುಗ್ಗುತ್ತದೆ. ಒಂದೊಂದು ಚಾನೆಲ್‌ನ ಆಪ್-ಆಂಪ್‌ನ ಎರಡೂ ರೇಲ್‌ಗೆ ಸರಣಿಯಲ್ಲಿ 10 ಓಮ್, ಆಪ್-ಆಂಪ್ ಕಡೆಯಿಂದ ಗ್ರೌಂಡ್‌ಗೆ 100 ಮೈಕ್ರೋಫ್ಯಾರಡ್ ಹಾಕಿ. 159 ಹರ್ಟ್ಸ್‌ನಿಂದ ಮೇಲೆ ಇದು ಶೋಧಿಸುತ್ತದೆ. 5532ರ 8 ಮಿಲಿಆಂಪಿಯರ್‌ಗೆ ಕಳೆದುಕೊಳ್ಳುವುದು 80 ಮಿಲಿವೋಲ್ಟ್ ಮಾತ್ರ.

ಮೈಕ್ರೋಕಂಟ್ರೋಲರ್‌ನ ಎಡಿಸಿಯಲ್ಲಿ

ಅಟ್‌ಮೆಗಾ328ಪಿಯಂಥ ಚಿಪ್‌ಗಳಲ್ಲಿ ಎಡಿಸಿ ಇರುವುದು ಒಂದೇ, ಮಲ್ಟಿಪ್ಲೆಕ್ಸರ್ ಅದನ್ನು ಪಿನ್‌ನಿಂದ ಪಿನ್‌ಗೆ ತಿರುಗಿಸುತ್ತದೆ. ಒಳಗಿನ 14 ಪಿಕೋಫ್ಯಾರಡ್ ಕೆಪಾಸಿಟರ್‌ನಲ್ಲಿ ಹಿಂದಿನ ಚಾನೆಲ್‌ನ ಚಾರ್ಜ್ ಉಳಿದಿರುತ್ತದೆ, ಹೊಸ ಚಾನೆಲ್ ಅದನ್ನು ಬದಲಿಸುವಷ್ಟರಲ್ಲಿ ಸಮಯ ಮುಗಿದರೆ ಹಳೆಯದರ ನೆರಳು ಉಳಿಯುತ್ತದೆ. ಗುರುತಿಸುವ ಬಗೆ: ಓದುವ ಕ್ರಮ ಬದಲಿಸಿ. 0, 1, 2 ಎಂದು ಓದುವಾಗ 1ರ ಸದ್ದು 2ರಲ್ಲಿ ಬಂದು, 2, 1, 0 ಎಂದು ಓದಿದಾಗ 0ರಲ್ಲಿ ಬಂದರೆ ಅನುಮಾನಕ್ಕೆ ಎಡೆಯೇ ಇಲ್ಲ.

ಈ ಚಿಪ್‌ಗೆ 10 ಕಿಲೋಓಮ್ ಅಥವಾ ಅದಕ್ಕಿಂತ ಕಡಿಮೆ ಇಂಪಿಡೆನ್ಸ್‌ನ ಮೂಲ ಇರಲಿ ಎಂದು ಡೇಟಾಶೀಟ್ ಹೇಳುತ್ತದೆ. ಆಡಿಯೊಗಾಗಿ ವೇಗ ಹೆಚ್ಚಿಸಲು 16 ಮೆಗಾಹರ್ಟ್ಸ್ ಕ್ಲಾಕ್‌ಗೆ ಪ್ರೀಸ್ಕೇಲರ್ (ಕ್ಲಾಕ್ ಭಾಗಿಸುವ ಸೆಟ್ಟಿಂಗ್) 16 ಇಟ್ಟರೆ ಎಡಿಸಿ ಕ್ಲಾಕ್ 1 ಮೆಗಾಹರ್ಟ್ಸ್, ಸ್ಯಾಂಪಲ್ ಹಿಡಿಯಲು ಸಿಗುವುದು ಒಂದೂವರೆ ಮೈಕ್ರೋಸೆಕೆಂಡ್. ಮೂಲ 47 ಕಿಲೋಓಮ್ ಇದ್ದರೆ ಟೈಮ್ ಕಾನ್‌ಸ್ಟಂಟ್ (ರೆಸಿಸ್ಟೆನ್ಸ್ × ಕೆಪಾಸಿಟನ್ಸ್) 0.66 ಮೈಕ್ರೋಸೆಕೆಂಡ್. ಸಿಕ್ಕ ಸಮಯದಲ್ಲಿ ಹಿಂದಿನ ಚಾನೆಲ್‌ನ ಹತ್ತು ಶೇಕಡಾ ಹಾಗೇ ಉಳಿಯುತ್ತದೆ, ಅಂದರೆ −20 ಡಿಬಿ ಕ್ರಾಸ್‌ಟಾಕ್! 10 ಬಿಟ್‌ಗೆ ಅರ್ಧ ಎಲ್‌ಎಸ್‌ಬಿ (ಎಡಿಸಿಯ ಅತಿ ಚಿಕ್ಕ ಹೆಜ್ಜೆ) ಒಳಗೆ ಬರಲು 7.6 ಟೈಮ್ ಕಾನ್‌ಸ್ಟಂಟ್ ಬೇಕು, 12 ಬಿಟ್‌ಗೆ 9, 16 ಬಿಟ್‌ಗೆ 11.8.

ಸಾಫ್ಟ್‌ವೇರ್ ಪರಿಹಾರ, ಚಾನೆಲ್ ಬದಲಿಸಿದ ಮೇಲೆ ಎರಡು ಸಲ ಓದಿ ಮೊದಲನೆಯದನ್ನು ಎಸೆಯುವುದು. ಸ್ಯಾಂಪಲ್ ರೇಟ್ ಅರ್ಧವಾಗುತ್ತದೆ, ಅದೇ ಬೆಲೆ. ಪಿನ್‌ಗೆ ಒಂದು ಕೆಪಾಸಿಟರ್ ಕಟ್ಟಿದರೆ ಸಾಕು ಎಂಬ ಸಲಹೆ ಅರ್ಧ ಸತ್ಯ: 12 ಬಿಟ್ ನಿಖರತೆಗೆ ಆ ಕೆಪಾಸಿಟರ್ ಒಳಗಿನದಕ್ಕಿಂತ ಎಂಟು ಸಾವಿರ ಪಟ್ಟು, ಅಂದರೆ 0.1 ಮೈಕ್ರೋಫ್ಯಾರಡ್‌ಗೂ ಮೇಲೆ ಇರಬೇಕು. ಹೈ-ಇಂಪಿಡೆನ್ಸ್ ಮೂಲಕ್ಕೆ ಅದನ್ನು ಕಟ್ಟಿದರೆ ಆಡಿಯೊ ಬ್ಯಾಂಡ್‌ವಿಡ್ತೇ ಹೋಯಿತು. ಆಪ್-ಆಂಪ್ ಬಫರ್ ಹಾಕಿ, ಅದರ ಮುಂದೆ ಕೆಲವು ನೂರು ಓಮ್ ಮತ್ತು ಕೆಲವು ನ್ಯಾನೋಫ್ಯಾರಡ್ ಸಾಕು.

ಡಿಜಿಟಲ್ ಕಡೆ ಮತ್ತು ಸುಳ್ಳು ಕ್ರಾಸ್‌ಟಾಕ್

ಸೋರಿಕೆ ಸರಿಯಾಗಿ 0, −6.02, −12.04 ಡಿಬಿಯಂಥ ಅಚ್ಚುಕಟ್ಟು ಅಂಕಿಯಾಗಿದ್ದರೆ ಅನಲಾಗ್ ಕಡೆ ನೋಡಲೇಬೇಡಿ. ಎಲ್ಲೋ ಮಾನೋ ಮಿಕ್ಸ್, ಪ್ಯಾನ್, ಸ್ಟೀರಿಯೊ ಲಿಂಕ್ ಅಥವಾ ಆಪರೇಟಿಂಗ್ ಸಿಸ್ಟಮ್‌ನ ಧ್ವನಿ ಸುಧಾರಣೆ ಚಾಲೂ ಇದೆ. ಅನಲಾಗ್ ಸೋರಿಕೆಯಲ್ಲಿ ವಿಳಂಬ ಇರುವುದಿಲ್ಲ. ಹಾಗಾಗಿ ಒಂದು ಕ್ಲಿಕ್ ಕೊಟ್ಟು ಎರಡೂ ಚಾನೆಲ್‌ಗಳ ತರಂಗವನ್ನು ಒಂದರ ಕೆಳಗೊಂದು ಇಟ್ಟು ನೋಡಿ. ನೂರಾರು ಸ್ಯಾಂಪಲ್ ತಡವಾಗಿ ಬಂದರೆ ಅದು ಮಾನಿಟರಿಂಗ್‌ನಿಂದ ಔಟ್‌ಪುಟ್‌ಗೆ ಹೋಗಿ ಮತ್ತೆ ಇನ್‌ಪುಟ್‌ಗೆ ಸುತ್ತಿ ಬಂದ ಸದ್ದು. ಮೈಕ್‌ಗಳಿದ್ದರೆ ಗಾಳಿಯ ಮೂಲಕವೂ ಬರಬಹುದು: ಶಬ್ದ ಒಂದು ಮೀಟರ್ ದಾಟಲು 2.9 ಮಿಲಿಸೆಕೆಂಡ್, 48 ಕಿಲೋಹರ್ಟ್ಸ್‌ನಲ್ಲಿ 140 ಸ್ಯಾಂಪಲ್.

ಐ2ಎಸ್ ಬಸ್‌ನಲ್ಲಿ (ಚಿಪ್‌ಗಳ ನಡುವೆ ಆಡಿಯೊ ಅಂಕಿ ಸಾಗಿಸುವ ತಂತಿಗಳು) ಎಡಿಸಿ ಲೆಫ್ಟ್-ಜಸ್ಟಿಫೈಡ್ ಫಾರ್ಮ್ಯಾಟ್‌ನಲ್ಲಿ ಕಳಿಸುತ್ತಿದ್ದು ಪ್ರೊಸೆಸರ್ ಐ2ಎಸ್ ಎಂದು ಓದುತ್ತಿದ್ದರೆ ಒಂದು ಬಿಟ್ ಜರುಗುತ್ತದೆ. 16 ಬಿಟ್ ಡೇಟಾ 16 ಬಿಟ್ ಸ್ಲಾಟ್‌ನಲ್ಲಿದ್ದಾಗ ಒಂದು ಚಾನೆಲ್‌ನ ಬಿಟ್ ಇನ್ನೊಂದರ ಪದದೊಳಗೆ ನುಗ್ಗುತ್ತದೆ. ಆಗ ಕೇಳುವುದು ಕರ್ಕಶ ಗದ್ದಲ, ತಗ್ಗಿದ ಸ್ವರದಲ್ಲಿ ಪಕ್ಕದ ಚಾನೆಲ್‌ನ ಹಾಡಲ್ಲ. ಆ ಲಕ್ಷಣ ಕಂಡರೆ ಎರಡೂ ಕಡೆಯ ಫಾರ್ಮ್ಯಾಟ್ ಸೆಟ್ಟಿಂಗ್ ಹೋಲಿಸಿ.

ಎಲ್‌ಪಿ ರೆಕಾರ್ಡ್ ಡಿಜಿಟೈಸ್ ಮಾಡುವವರಿಗೆ: ಕಾರ್ಟ್ರಿಜ್‌ನದೇ ಪ್ರತ್ಯೇಕತೆ 25-30 ಡಿಬಿ. ಎಡಿಸಿಯ −80ನ್ನು −100 ಮಾಡಲು ಹೆಣಗಿ ಏನೂ ಸಿಗುವುದಿಲ್ಲ. ಸಾಮಾನ್ಯ ಸಂಗೀತಕ್ಕೆ 1 ಕಿಲೋಹರ್ಟ್ಸ್‌ನಲ್ಲಿ −80, 10 ಕಿಲೋಹರ್ಟ್ಸ್‌ನಲ್ಲಿ −65 ಬಂದರೆ ನಿಲ್ಲಿಸಬಹುದು. ಟೈಮ್‌ಕೋಡ್ ಪಕ್ಕದ ಟ್ರ್ಯಾಕ್‌ಗೆ, ಅಳತೆಯ ಕೆಲಸಕ್ಕೆ ಅದು ಸಾಲದು. ಟೈಮ್‌ಕೋಡ್‌ಗಾದರೆ ಅದರ ಮಟ್ಟವನ್ನೇ −20 ಡಿಬಿಎಫ್‌ಎಸ್‌ಗೆ ಇಳಿಸಿ ದೂರದ ಚಾನೆಲ್‌ಗೆ ಹಾಕುವುದು ಯಾವ ಬೆಸುಗೆಗಿಂತಲೂ ಅಗ್ಗ.

ಈಗಾಗಲೇ ರೆಕಾರ್ಡ್ ಆದದ್ದನ್ನು ಸರಿಪಡಿಸಬೇಕೆಂದರೆ ಕಳೆಯುವುದೊಂದೇ ದಾರಿ. ಸೋರಿಕೆ ಮೂರೂ ಫ್ರೀಕ್ವೆನ್ಸಿಯಲ್ಲಿ ಒಂದೇ ಇದ್ದರೆ ಒಂದು ಗುಣಕ ಸಾಕು: −50 ಡಿಬಿ ಎಂದರೆ 0.00316, ಸದ್ದಿನ ಚಾನೆಲ್ಲನ್ನು ಅಷ್ಟರಿಂದ ಗುಣಿಸಿ, ತಲೆಕೆಳಗು ಮಾಡಿ ಇನ್ನೊಂದಕ್ಕೆ ಕೂಡಿಸಿ. ಸೋರಿಕೆಯೇ ತಲೆಕೆಳಗಾಗಿದ್ದರೆ ನೇರವಾಗಿ ಕೂಡಿಸಬೇಕು, ಎರಡನ್ನೂ ಮಾಡಿ ಯಾವುದರಲ್ಲಿ ಇಳಿಯುತ್ತದೆ ನೋಡಿ. 20 ಡಿಬಿ ಇಳಿಸಲು ಮಟ್ಟದಲ್ಲಿ ಹತ್ತು ಶೇಕಡಾ, ಫೇಸ್‌ನಲ್ಲಿ 5.7 ಡಿಗ್ರಿಯೊಳಗೆ ನಿಖರತೆ ಬೇಕು. ಫ್ರೀಕ್ವೆನ್ಸಿಯ ಜೊತೆ ಏರುವ ಕೆಪಾಸಿಟಿವ್ ಸೋರಿಕೆಯಲ್ಲಿ ಫೇಸ್ 90 ಡಿಗ್ರಿ ತಿರುಗಿರುತ್ತದೆ, ಬರಿ ಗುಣಕದಿಂದ ಅದು ಹೋಗುವುದಿಲ್ಲ, ಫಿಲ್ಟರ್ ಬೇಕು. ಗುಣಕ ಒಂದು ಗೇನ್ ಸ್ಥಾನಕ್ಕೆ ಮಾತ್ರ ಸರಿ, ರೆಕಾರ್ಡಿಂಗ್ ಮಾಡುವಾಗ ಪಾಟ್ ಎಲ್ಲಿತ್ತು ಎಂದು ಬರೆದಿಟ್ಟಿರದಿದ್ದರೆ ಟ್ರ್ಯಾಕ್‌ನಲ್ಲೇ ಒಂದು ಚಾನೆಲ್ ಪೂರ್ತಿ ಮೌನವಾಗಿರುವ ತುಣುಕು ಹುಡುಕಿ ಅಲ್ಲಿಂದ ಲೆಕ್ಕ ತೆಗೆಯಿರಿ.